ಮಳೆಗಾಲದ ಒಣಮೀನು, ಮಿಡಿ ಉಪ್ಪಿನಕಾಯಿ ಮತ್ತು ಬಿ.ಪಿ.

ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ಕಾರವಾರ, ಅಂಕೋಲಾ ಕಡೆ ಊಟಕ್ಕೆ ಒಣಮೀನು. ಶಿರಸಿ ಕಡೆ ಗಂಜಿಗೆ ಅಪ್ಪೆಮಿಡಿ ಮಾವಿನ ಉಪ್ಪಿನಕಾಯಿ. ಎರಡರಲ್ಲೂ ಉಪ್ಪು ಜಾಸ್ತಿ, ಉಪ್ಪು ಜಾಸ್ತಿಯಾದರೆ ಬಿ.ಪಿ. (ರಕ್ತದೊತ್ತಡ) ಏರುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ದಯವಿಟ್ಟು ಗಮನ ಕೊಡಿ.

ವಯಸ್ಸಾದಂತೆ ರಕ್ತನಾಳ ಬಿಗಿಯಾಗಿಯೂ ಬಿ.ಪಿ. ಏರುತ್ತದೆ. ತಲೆನೋವು, ತಲೆಸುತ್ತು ಏನೂ ಇಲ್ಲದೆಯೂ ಏರಿರಬಹುದು. ‘ನಂಗೇನೂ ಆಗಿಲ್ಲ’ ಅಂದರೂ ಕರೆದುಕೊಂಡು ಹೋಗಿ ಅಳೆಸಿ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ. ಚಹಾ ಕುಡಿದು ಅರ್ಧ ಗಂಟೆ ಕಳೆದಿರಲಿ. ಐದು ನಿಮಿಷ ಸುಮ್ನೆ, ಮಾತಾಡದೆ ಕೂತ ಮೇಲೆ ಅಳೆಸಿ. ಬಸ್ಸಿಳಿದು ಓಡಿಬಂದು ಅಳೆದರೆ ಜಾಸ್ತಿಯೇ ತೋರಿಸುತ್ತದೆ ಅಲ್ವಾ? ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಮೇಲಿದ್ದರೆ ಡಾಕ್ಟರನ್ನು ಕಾಣಿ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಒಂದು ಟೀ ಚಮಚದೊಳಗೆ. ಉಪ್ಪಿನಕಾಯಿಯದೂ ಇದರಲ್ಲೇ ಸೇರಿತು.

ಒಣಮೀನು ಬಿಡಲಾಗದಿದ್ದರೆ ನೀರಲ್ಲಿ ನೆನೆಸಿ, ಆ ನೀರು ಚೆಲ್ಲಿ, ಮತ್ತೆ ತೊಳೆಯಿರಿ. ಸಾರಿಗೆ ಬೇರೆ ಉಪ್ಪು ಬೇಡ. ಮುರುಗಲು (ಕೋಕಂ) ಹುಳಿ, ಜುಮ್ಮನಕಾಯಿ ಎಂಬ ಮಸಾಲೆ ಕಾಯಿ ಹಾಕಿದರೆ ರುಚಿ ಬರುತ್ತದೆ. ‘ಕಡಿಮೆ ಸೋಡಿಯಂ’ ಉಪ್ಪು ಕಿಡ್ನಿ ತೊಂದರೆ ಇದ್ದವರಿಗೆ ಅಪಾಯ, ಡಾಕ್ಟರನ್ನು ಕೇಳದೆ ತರಬೇಡಿ. ಬಿ.ಪಿ. ಇಳಿಯಿತು ಅಂತ ಮಾತ್ರೆಯನ್ನೂ ನೀವೇ ನಿಲ್ಲಿಸಬೇಡಿ.