ಬೇಲಿಯ ಹೊರಗೆ ನಿಂತು ‘ಅಯೋ’ ಎಂದ ಎರಡು ವರ್ಷ

ಫಿಲಿಪೈನ್ಸಿನ ಸೆಬು ದ್ವೀಪದಲ್ಲಿ ಒಬ್ಬರ ಮನೆಗೆ ಹೋದವರು ಬಾಗಿಲು ತಟ್ಟುವುದಕ್ಕಿಂತ ಹೆಚ್ಚಾಗಿ ಬೇಲಿಯ ಹೊರಗೆ ನಿಂತು ‘ಅಯೋ’ ಎಂದು ಕೂಗುತ್ತಾರೆ. ಒಳ್ಳೆಯದು ಎಂಬ ಅರ್ಥದ ‘ಮಾಆಯೋ’ ಎಂಬ ಶಬ್ದ ದಿನಬಳಕೆಯಲ್ಲಿ ಸವೆದು ಹಾಗಾಗಿದೆ. ಕನ್ನಡ ಮನೆಮಾತಿನ ನಾನು ಕ್ರೈಸ್ತ ಸಭೆಯೊಂದರ ಮಿಷನರಿಯಾಗಿ ಎರಡು ವರ್ಷ, ದಿನಕ್ಕೆ ಹತ್ತಿಪ್ಪತ್ತು ಸಲ, ಬಿಳಿ ಅಂಗಿ ತೊಟ್ಟು, ಟೈ ಕಟ್ಟಿ, ಎದೆಯ ಮೇಲೆ ಕಪ್ಪು ಹೆಸರುಫಲಕ ಸಿಕ್ಕಿಸಿಕೊಂಡು, ಗುರುತಿಲ್ಲದವರ ಅಂಗಳದ ಮುಂದೆ ನಿಂತು ಹಾಗೆ ಕೂಗಿದ್ದೇನೆ. ಮೊದಲ ವಾರ ಪ್ರತಿ ಸಲವೂ ಏನೋ ಅನಾಹುತವಾಯಿತೆಂದು ನಾನೇ ಸಾರುತ್ತಿರುವಂತೆ ಅನ್ನಿಸಿ ನಗು ತಡೆಯುವುದು ಕಷ್ಟವಾಗುತ್ತಿತ್ತು.

ಎರಡನೆಯ ವಾರದಲ್ಲಿ ಒಂದು ಸಂಗತಿ ಗಮನಕ್ಕೆ ಬಂತು. ನನ್ನ ಸಂಗಾತಿ, ಅಂದರೆ ನನ್ನ ಜೊತೆ ಸೇವೆಗೆ ಹಾಕಿದ್ದ ಅಮೆರಿಕದ ಯೂಟಾ ರಾಜ್ಯದ ಕೆಂಚು ಕೂದಲಿನ ಹುಡುಗ, ಕೂಗಿದರೆ ಯಾರಾದರೂ ಹೊರಗೆ ಇಣುಕುತ್ತಿದ್ದರು. ನಾನು ಮುಂದೆ ನಿಂತು ಕೂಗಿದರೆ ಒಳಗೆ ನಡೆಯುತ್ತಿದ್ದ ಟಿ.ವಿ.ಯ ಸದ್ದು ಥಟ್ಟನೆ ನಿಲ್ಲುತ್ತಿತ್ತು, ಒಂದು ಮಗು ಬಂದು ‘ಅಮ್ಮ ಮನೆಯಲ್ಲಿಲ್ಲ’ ಎಂದು ಹೇಳಿ ಓಡುತ್ತಿತ್ತು, ಕಿಟಕಿಯ ಪರದೆಯ ಹಿಂದೆ ಅಮ್ಮನ ಕಾಲು ಕಾಣುತ್ತಿತ್ತು. ಕಾರಣ ತಿಳಿಸಿದವರು ನಮ್ಮ ವಾರ್ಡಿನ, ಅಂದರೆ ಸ್ಥಳೀಯ ಸಭೆಯ, ಒಬ್ಬ ಹಿರಿಯರು. ಆ ದೇಶದಲ್ಲಿ ಭಾರತೀಯನೆಂದರೆ ‘ಬುಂಬಾಯ್’. ಬುಂಬಾಯ್ ಎಂದರೆ ಮೋಟರ್‌ಸೈಕಲ್ಲಿನಲ್ಲಿ ಬರುವ ಲೇವಾದೇವಿಗಾರ. ಐದು ಪೆಸೊ ಕೊಟ್ಟು ಆರು ಪೆಸೊ ವಸೂಲು ಮಾಡುವ ಈ ಸಾಲಕ್ಕೆ ಅಲ್ಲಿ ‘ಫೈವ್-ಸಿಕ್ಸ್’ ಎಂದೇ ಹೆಸರು. ಬ್ಯಾಂಕು ಹತ್ತಿರಕ್ಕೆ ಸೇರಿಸದ ಬಡ ವ್ಯಾಪಾರಿಗಳಿಗೆ ಹೆಚ್ಚಾಗಿ ಪಂಜಾಬಿ ಮೂಲದವರು ಇದನ್ನು ಕೊಡುತ್ತಾ ಬಂದಿದ್ದಾರೆ. ಹಟ ಮಾಡುವ ಮಕ್ಕಳನ್ನು ‘ಬುಂಬಾಯ್ ಬಂದು ಚೀಲದಲ್ಲಿ ಹಾಕಿಕೊಂಡು ಹೋಗುತ್ತಾನೆ’ ಎಂದು ಹೆದರಿಸುವುದೂ ಉಂಟು. ನಾನು ಏನನ್ನೋ ಕೊಡಲು ಬಂದಿದ್ದೇನೆಂದು ನಂಬಿಕೊಂಡು ನಿಂತಿದ್ದೆ, ಅವರ ಕಣ್ಣಿಗೆ ಕಂತು ಕೇಳಲು ಬಂದವನಾಗಿದ್ದೆ. ಆ ಬಳಿಕ ಕೂಗಿದ ಕೂಡಲೇ ‘ದಿಲಿ ಕೊ ಮಾನಿಂಗಿಲ್’, ನಾನು ವಸೂಲಿಗೆ ಬಂದಿಲ್ಲ, ಎಂದು ಸೇರಿಸುವುದನ್ನು ರೂಢಿ ಮಾಡಿಕೊಂಡೆ. ಧರ್ಮೋಪದೇಶಕ್ಕೆ ಇದಕ್ಕಿಂತ ಉತ್ತಮ ಪೀಠಿಕೆ ಇರಬಹುದು, ಆದರೆ ಬಾಗಿಲು ತೆರೆಸಿದ್ದು ಇದೇ.

ನಾನು ಅಲ್ಲಿಗೆ ಹೋದದ್ದು 2017ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಬಿ.ಕಾಂ. ಮೊದಲ ವರ್ಷವನ್ನು ಅರ್ಧಕ್ಕೆ ನಿಲ್ಲಿಸಿ. ನಮ್ಮ ತಂದೆ ಮಂಡ್ಯದ ಕಡೆಯವರು. ಕೆಲಸಕ್ಕೆಂದು ಬೆಂಗಳೂರಿಗೆ ಬಂದವರು ಅಲ್ಲಿ ಈ ಸಭೆಯನ್ನು ಸೇರಿದರು. ಯೇಸು ಕ್ರಿಸ್ತನ ಅಂತ್ಯದಿನಗಳ ಸಂತರ ಸಭೆ ಎಂಬುದು ಇದರ ಪೂರ್ತಿ ಹೆಸರು. ಹೊರಗಿನವರು ಮಾರ್ಮನ್ ಎನ್ನುತ್ತಾರೆ, ಆ ಅಡ್ಡಹೆಸರು ಬೇಡ, ಪೂರ್ತಿ ಹೆಸರನ್ನೇ ಬಳಸಿರಿ ಎಂದು ನಮ್ಮ ಸಭೆಯ ಆಗಿನ ಅಧ್ಯಕ್ಷ ರಸೆಲ್ ಎಂ. ನೆಲ್ಸನ್ 2018ರ ಅಕ್ಟೋಬರ್‌ನಲ್ಲಿ ಕೇಳಿಕೊಂಡಾಗ ನಾನು ಸೆಬುವಿನಲ್ಲೇ ಇದ್ದೆ. ಗಂಡುಮಕ್ಕಳಿಗೆ 24 ತಿಂಗಳು, ಹೆಣ್ಣುಮಕ್ಕಳಿಗೆ 18 ತಿಂಗಳ ಸೇವೆ. ಎಲ್ಲಿಗೆ ಹೋಗಬೇಕೆಂಬುದನ್ನು ನಾವು ಆರಿಸಿಕೊಳ್ಳುವುದಿಲ್ಲ, ಸಭೆಯ ಕೇಂದ್ರ ಕಚೇರಿಯಿರುವ ಸಾಲ್ಟ್ ಲೇಕ್ ಸಿಟಿಯಿಂದ ಕರೆ ಬರುತ್ತದೆ. ಸಂಬಳವಿಲ್ಲ, ಅಮೆರಿಕದ ಹುಡುಗರ ಮನೆಯವರು ಆಗ ತಿಂಗಳಿಗೆ 400 ಡಾಲರ್ ಕಟ್ಟುತ್ತಿದ್ದರು, ನಮ್ಮಂಥ ಮನೆಯವರು ಆದಷ್ಟು ಕಟ್ಟುತ್ತಿದ್ದರು. ‘ಓದುವ ಕಾಲದಲ್ಲಿ ಇದೇನು’ ಎಂದು ಕೇಳಿದ ಸಂಬಂಧಿಕರಿಗೆ ಅಮ್ಮ ಏನು ಉತ್ತರ ಕೊಟ್ಟಳೋ, ನಾನು ಕೇಳಲು ಹೋಗಲಿಲ್ಲ.

ಮೊದಲ ಆರು ವಾರ ಮನಿಲಾ ಬಳಿಯ ಕೆಸೋನ್ ಸಿಟಿಯ ತರಬೇತಿ ಕೇಂದ್ರದಲ್ಲಿ ಸೆಬುವಾನೊ ಭಾಷೆಯ ಪಾಠ. ಕ್ರಿಯಾಪದ ಕೊನೆಯಲ್ಲಿ ಬರುವ ಭಾಷೆಯಲ್ಲಿ ಯೋಚಿಸುವವನಿಗೆ ಕ್ರಿಯಾಪದದಿಂದಲೇ ಶುರುವಾಗುವ ವಾಕ್ಯವೆಂದರೆ ಅಂಗಿಯನ್ನು ತಿರುವುಮುರುವಾಗಿ ತೊಟ್ಟಂತೆ. ಆದರೆ ಒಂದು ವಿಷಯದಲ್ಲಿ ಅಮೆರಿಕದ ಹುಡುಗರಿಗಿಂತ ನಾನು ಮುಂದಿದ್ದೆ. ಒಂದನೆಯ ತರಗತಿಯಲ್ಲಿ ‘ಕ ಖ ಗ ಘ ಙ’ ಎಂದು ರಾಗವಾಗಿ ಹೇಳಿ, ಆಮೇಲೆ ಒಂದೇ ಒಂದು ಪದದ ಮೊದಲಲ್ಲೂ ಬಳಸದೆ ಬಿಟ್ಟ ಆ ‘ಙ’ ಅಕ್ಷರ ಅಲ್ಲಿ ಕೆಲಸಕ್ಕೆ ಬಂತು. ಹೆಸರು ಎಂದರೆ ‘ಙಾಲನ್’, ಯಾಕೆ ಎಂದರೆ ‘ಙಾನೋ’. ಸಹಪಾಠಿಗಳು ಮೂಗು ಮೂತಿ ತಿರುಗಿಸಿ ಒದ್ದಾಡುತ್ತಿದ್ದಾಗ ನಾನು ನನ್ನ ಒಂದನೆಯ ತರಗತಿಯ ಮೇಡಂ ಅವರನ್ನು ಮನಸ್ಸಿನಲ್ಲೇ ನೆನೆದೆ.

ಸೆಬು ತಲುಪಿದ ಮೇಲೆ ನನ್ನನ್ನು ಹಾಕಿದ್ದು ದ್ವೀಪದ ಉತ್ತರ ತುದಿಯ ಬೋಗೊ ಕಡೆಗೆ. ಸುತ್ತ ಕಬ್ಬಿನ ಗದ್ದೆಗಳು. ಕಬ್ಬು ತುಂಬಿದ ಲಾರಿ ಎದುರಾದಾಗಲೆಲ್ಲ ಮಂಡ್ಯದ ಅಜ್ಜಿಮನೆಯ ರಸ್ತೆಯೇ ಎಂದು ಕಣ್ಣು ಮೋಸ ಹೋಗುತ್ತಿತ್ತು. 2013ರ ನವೆಂಬರ್‌ನಲ್ಲಿ ಬೀಸಿದ ಯೋಲಾಂಡಾ ಚಂಡಮಾರುತ ಆ ಭಾಗವನ್ನು ನೆಲಸಮ ಮಾಡಿತ್ತು. ನಾಲ್ಕು ವರ್ಷ ಕಳೆದಿದ್ದರೂ ಎಷ್ಟೋ ಮನೆಗಳಿಗೆ ಸೂರಿನ ಒಂದು ಭಾಗ ತಗಡು, ಇನ್ನೊಂದು ಭಾಗ ಯಾವುದೋ ಪರಿಹಾರ ಸಂಸ್ಥೆ ಕೊಟ್ಟ ಟಾರ್ಪಾಲು ಆಗಿಯೇ ಉಳಿದಿತ್ತು.

ದಿನಚರಿ ಬರೆದಿಟ್ಟದ್ದು. ಆರೂವರೆಗೆ ಏಳುವುದು, ಅರ್ಧ ಗಂಟೆ ವ್ಯಾಯಾಮ, ಸ್ನಾನ, ತಿಂಡಿ, ಆಮೇಲೆ ಒಬ್ಬೊಬ್ಬರೇ ಗ್ರಂಥ ಓದುವುದು, ನಂತರ ಸಂಗಾತಿಯೊಡನೆ ಕೂಡಿ ಓದುವುದು, ಹತ್ತರ ಹೊತ್ತಿಗೆ ಬೀದಿಗಿಳಿಯುವುದು, ರಾತ್ರಿ ಒಂಬತ್ತರ ಸುಮಾರಿಗೆ ಮರಳುವುದು, ಮರುದಿನದ ಯೋಜನೆ ಬರೆದು ಹತ್ತೂವರೆಗೆ ದೀಪ ಆರಿಸುವುದು. ಟಿ.ವಿ. ಇಲ್ಲ, ಸಿನಿಮಾ ಇಲ್ಲ, ಹುಡುಗಿಯರೊಡನೆ ಸಲಿಗೆಯಿಲ್ಲ. ಚಹಾ, ಕಾಫಿ ನಮ್ಮ ಸಭೆಯವರಿಗೆ ಮೊದಲೇ ಇಲ್ಲ. ಕಾಫಿ ಡಿಕಾಕ್ಷನ್ನಿನ ಘಮ ತುಂಬಿದ ಬೆಂಗಳೂರಿನ ಬೀದಿಯಲ್ಲಿ ಅದನ್ನು ಕುಡಿಯದೆ ಬೆಳೆದವನಿಗೆ ಸೆಬುವಿನಲ್ಲಿ ಬೇರೆಯ ಸಂಯಮವೇನೂ ಬೇಕಾಗಲಿಲ್ಲ. ಕೊಡದ ನೀರನ್ನು ‘ಕಾಬೊ’ ಎಂಬ ಹಿಡಿಯಿರುವ ಚೊಂಬಿನಲ್ಲಿ ಮೊಗೆದು ಸ್ನಾನ ಮಾಡುವುದೂ ನನಗೆ ಹೊಸದಲ್ಲ. ಯೂಟಾದ ಹುಡುಗನಿಗೆ ಆ ವಿದ್ಯೆಯನ್ನು ನಾನೇ ಹೇಳಿಕೊಟ್ಟೆ.

ಊಟದಲ್ಲೂ ಹಾಗೆಯೇ. ಮೂರು ಹೊತ್ತೂ ಅನ್ನ, ಹೆಸರುಕಾಳಿನ ಸಾರು, ನುಗ್ಗೆಸೊಪ್ಪು. ‘ಕಮುಂಗೈ’ ಎಂದು ಕರೆಯುವ ಆ ಸೊಪ್ಪನ್ನು ಬೇಲಿಯಿಂದ ಹಿಡಿಯಷ್ಟು ಕಿತ್ತು ತಂದು ಬರೇ ಉಪ್ಪುನೀರಿನಲ್ಲಿ, ಒಂದು ತುಂಡು ಕುಂಬಳದೊಡನೆ ಬೇಯಿಸಿ ಇಡುತ್ತಿದ್ದರು. ಒಂದು ಒಗ್ಗರಣೆ ಬಿದ್ದಿದ್ದರೆ ಎಂದು ಎರಡು ವರ್ಷವೂ ಅಂದುಕೊಂಡೆ. ತೆಂಗಿನ ಗರಿಯಲ್ಲಿ ಹೆಣೆದ ಪುಟ್ಟ ಚೀಲದೊಳಗೆ ಅಕ್ಕಿ ಹಾಕಿ ಬೇಯಿಸುವ ‘ಪುಸೊ’ವನ್ನು ಮಾತ್ರ ನಮ್ಮ ಊರಿನವರು ಕಲಿತರೆ ಬುತ್ತಿಗೆ ಚೆನ್ನ. ಯಾರೇ ಊಟಕ್ಕೆ ಕೂತಿರಲಿ, ದಾರಿಯಲ್ಲಿ ಹೋಗುವವರನ್ನು ‘ಕಾಓನ್ ತಾ’, ಊಟ ಮಾಡೋಣ ಬನ್ನಿ, ಎಂದು ಕರೆಯದೆ ತುತ್ತು ಎತ್ತುವುದಿಲ್ಲ. ಆರು ಮಂದಿಗೆ ಎರಡು ಒಣಮೀನು ಇದ್ದ ಮನೆಯಲ್ಲೂ ಕರೆದರು. ಹೋಗಿ ಕೂತರೆ ಅವರಿಗೆ ಕಡಿಮೆಯಾಗುತ್ತದೆ, ಹೋಗದಿದ್ದರೆ ನೋವಾಗುತ್ತದೆ; ಅನ್ನ ಮಾತ್ರ ಸ್ವಲ್ಪ ಹಾಕಿಸಿಕೊಂಡು ಮೀನು ನನಗೆ ಸೇರದೆಂದು ಹೇಳುವುದನ್ನು ಕಲಿತೆ. ಅದು ಸುಳ್ಳು. ಮಿಷನರಿಯಾಗಿ ನಾನು ಹೇಳಿದ ಸುಳ್ಳುಗಳಲ್ಲಿ ಅದಕ್ಕಾಗಿ ಮಾತ್ರ ನನಗೆ ಪಶ್ಚಾತ್ತಾಪವಿಲ್ಲ.

ಎಲ್ಲಕ್ಕಿಂತ ಕಷ್ಟದ್ದು ಸಂಗಾತಿಯೊಡನೆ ಬದುಕುವುದು. ನಿಯಮದ ಪ್ರಕಾರ ಇಬ್ಬರೂ ಸದಾ ಒಬ್ಬರಿಗೊಬ್ಬರು ಕಾಣುವಷ್ಟು, ಕೇಳುವಷ್ಟು ಹತ್ತಿರದಲ್ಲಿರಬೇಕು, ಬಚ್ಚಲುಮನೆಯೊಂದೇ ಏಕಾಂತ. ಆರು ವಾರಕ್ಕೊಮ್ಮೆ ‘ಟ್ರಾನ್ಸ್‌ಫರ್’ ಬರುತ್ತದೆ, ಮಿಷನ್ ಅಧ್ಯಕ್ಷರು ಜೋಡಿಗಳನ್ನು ಬದಲಿಸುತ್ತಾರೆ ಇಲ್ಲವೇ ಹಾಗೆಯೇ ಬಿಡುತ್ತಾರೆ. ಕಂಕಣಭಾಗ್ಯಕ್ಕೆ ಜಾತಕವನ್ನಾದರೂ ನೋಡುತ್ತಾರೆ, ಇಲ್ಲಿ ಅದೂ ಇಲ್ಲ. ನನ್ನ ಮೂರನೆಯ ಸಂಗಾತಿ ಲುಸೋನ್ ದ್ವೀಪದ ಉತ್ತರದ ಹುಡುಗ, ಅವನಿಗೂ ಸೆಬುವಾನೊ ಪರಭಾಷೆಯೇ. ಅವನು ಬೆಳಿಗ್ಗೆ ಒಂದೂ ಮಾತಾಡುವವನಲ್ಲ, ನಾನು ಎದ್ದ ಕೂಡಲೇ ಹಾಡುವವನು. ಹತ್ತು ದಿನಗಳಲ್ಲಿ ಇಬ್ಬರೂ ರಸ್ತೆಯ ಎರಡು ಬದಿಗಳಲ್ಲಿ ನಡೆಯುವ ಸ್ಥಿತಿಗೆ ಬಂದೆವು. ವಾರದ ಯೋಜನೆ ಮುಗಿದ ಮೇಲೆ ಇಬ್ಬರೂ ಎದುರುಬದುರು ಕುಳಿತು, ನಿನ್ನ ಯಾವ ನಡತೆ ನನಗೆ ತೊಂದರೆ ಕೊಡುತ್ತಿದೆ ಎಂದು ನೇರವಾಗಿ ಹೇಳಿಕೊಳ್ಳುವ ಒಂದು ಪದ್ಧತಿ ನಮ್ಮಲ್ಲಿದೆ. ಅದನ್ನು ನಾವು ‘ಏನೂ ಇಲ್ಲ’ ಎಂದು ಒಂದು ನಿಮಿಷದಲ್ಲಿ ಮುಗಿಸುತ್ತಿದ್ದೆವು. ಮನಸ್ಸಿನಲ್ಲಿರುವುದನ್ನು ಮುಖಕ್ಕೆ ಹೇಳುವುದು ಅವನ ಮನೆಯಲ್ಲೂ ರೂಢಿಯಿಲ್ಲ, ನನ್ನ ಮನೆಯಲ್ಲೂ ಇಲ್ಲ. ಈ ಪದ್ಧತಿಯನ್ನು ಕಂಡುಹಿಡಿದವರು ಅಮೆರಿಕದವರೆಂಬುದು ನನಗೆ ಆಗ ಚೆನ್ನಾಗಿ ಅರ್ಥವಾಯಿತು.

ಕೊನೆಗೆ ನಮ್ಮನ್ನು ಸೇರಿಸಿದ್ದು ಒಂದು ನಾಯಿ. ಗಲ್ಲಿಯೊಂದರಲ್ಲಿ ಅದು ನನ್ನ ಮೀನಖಂಡಕ್ಕೆ ಬಾಯಿ ಹಾಕಿತು. ಸೋಪು ಹಾಕಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ಗಾಯ ತೊಳೆಯಬೇಕೆಂಬುದು ಅವನಿಗೆ ಗೊತ್ತಿತ್ತು. ಹತ್ತಿರದ ಮನೆಯ ಪಂಪಿನ ಬಳಿ ಕೂರಿಸಿ, ಗಡಿಯಾರ ನೋಡುತ್ತಾ ತಾನೇ ತೊಳೆದ. ರೇಬೀಸ್ ಲಸಿಕೆ ಅದೇ ದಿನ, ಮೂರನೆಯ ದಿನ, ಏಳನೆಯ ದಿನ, ಹೀಗೆ. ಪ್ರತಿ ಸಲವೂ ಚಿಕಿತ್ಸಾಲಯದ ಸರದಿಯಲ್ಲಿ ಮೂರು ನಾಲ್ಕು ಗಂಟೆ ಒಂದೇ ಬೆಂಚಿನ ಮೇಲೆ ಕೂತಿರಬೇಕಾಗಿತ್ತು. ಏಳನೆಯ ದಿನದ ಹೊತ್ತಿಗೆ, ತನ್ನ ತಂದೆ ಕುಡಿದು ಬಂದು ಬೆಳಿಗ್ಗೆ ಎಬ್ಬಿಸುತ್ತಿದ್ದ ರೀತಿಯನ್ನು ಅವನು ಹೇಳಿದ. ಬೆಳಗಿನ ಹಾಡನ್ನು ಮರುದಿನದಿಂದಲೇ ನಿಲ್ಲಿಸಿದೆ.

ಬೋಧನೆಯೆಂದರೆ ನಮ್ಮ ಸಭೆಯ ಧರ್ಮಗ್ರಂಥವಾದ ಮಾರ್ಮನ್ ಗ್ರಂಥ ಹಿಡಿದು ಪ್ರವಚನ ಮಾಡುವುದು ಎಂದುಕೊಂಡವರಿಗೆ ನಮ್ಮ ನಿಜವಾದ ಕೆಲಸ ನೀರಸವಾಗಿ ಕಾಣಬಹುದು. ಅರ್ಧಕ್ಕಿಂತ ಹೆಚ್ಚು ಹೊತ್ತು ಸಭೆಗೆ ಬರುವುದನ್ನು ಬಿಟ್ಟವರ ಮನೆಗಳಿಗೆ ಹೋಗುವುದರಲ್ಲಿ, ಬೇಲಿ ಕಟ್ಟುವುದರಲ್ಲಿ, ನೀರು ಹೊರುವುದರಲ್ಲಿ ಕಳೆಯುತ್ತಿತ್ತು. ಇನ್ನೊಂದು ಪಾಲು ಕಾಗದಪತ್ರಗಳಿಗೆ. ಫಿಲಿಪೈನ್ಸಿನಲ್ಲಿ ಸಾಮಾನ್ಯ ಪ್ರಜೆಗಳಿಗೆ ವಿಚ್ಛೇದನದ ಕಾನೂನಿಲ್ಲ. ಮದುವೆಯ ಖರ್ಚಿಗೆ ಹೆದರಿ ಹಾಗೆಯೇ ಕೂಡಿ ಬಾಳುವವರೂ ಬಹಳ. ನಮ್ಮ ಸಭೆಯಲ್ಲಿ ದೀಕ್ಷಾಸ್ನಾನ ಪಡೆಯಬೇಕಾದರೆ ಅಂಥವರು ಕಾನೂನುಬದ್ಧವಾಗಿ ಮದುವೆಯಾಗಿರಬೇಕು. ಮದುವೆಯಾಗಲು ತಾವು ಈವರೆಗೆ ಮದುವೆಯಾಗಿಲ್ಲವೆಂಬ ‘ಸೆನೋಮಾರ್’ ಎಂಬ ಪತ್ರವನ್ನು ಸರ್ಕಾರದ ಅಂಕಿಅಂಶ ಕಚೇರಿಯಿಂದ ತರಬೇಕು.

ನಮ್ಮ ಪಾಠ ಕೇಳುತ್ತಿದ್ದ ಒಂದು ದಂಪತಿಗೆ ನಾಲ್ಕು ಮಕ್ಕಳು, ಹನ್ನೊಂದು ವರ್ಷದ ಸಂಸಾರ, ಮದುವೆ ಮಾತ್ರ ಆಗಿರಲಿಲ್ಲ. ಗಂಡ ಕಬ್ಬು ಕಡಿಯುವ ಕೂಲಿ. ಹೆಂಡತಿಯ ಜನನಪತ್ರದಲ್ಲಿ ಹೆಸರಿನ ಒಂದಕ್ಷರ ತಪ್ಪಿದ್ದರಿಂದ ಅದನ್ನು ಮೊದಲು ತಿದ್ದಿಸಬೇಕಾಯಿತು. ಯಾವುದೋ ಕಚೇರಿಯ ಕಿಟಕಿಯಲ್ಲಿ ಅವರನ್ನು ನಾಲ್ಕು ಸಲ ವಾಪಸು ಕಳುಹಿಸಿದರು, ಪ್ರತಿ ಸಲವೂ ಒಂದು ದಿನದ ಕೂಲಿ ಹೋಯಿತು. ಕನಿಷ್ಠ ಐದು ವರ್ಷ ಗಂಡಹೆಂಡಿರಂತೆ ಬಾಳಿದವರು ಪ್ರಮಾಣಪತ್ರ ಬರೆದುಕೊಟ್ಟರೆ ಮದುವೆಯ ಪರವಾನಗಿಯೇ ಬೇಡವೆಂಬ ವಿನಾಯಿತಿ ಅಲ್ಲಿನ ಕುಟುಂಬ ಸಂಹಿತೆಯಲ್ಲಿದೆ; ಆ ವಿಷಯ ನಮಗೆ ತಿಳಿದದ್ದು ಮೂರನೆಯ ತಿಂಗಳಿನಲ್ಲಿ, ತಿಳಿಸಿದವರು ಬೀದಿಬದಿಯಲ್ಲಿ ಬೆರಳಚ್ಚು ಮಾಡಿಕೊಡುವ ಒಬ್ಬ ಮುದುಕರು. ಹತ್ತೊಂಬತ್ತು ಇಪ್ಪತ್ತರ ಇಬ್ಬರು ಹುಡುಗರು, ಹುಡುಗಿಯರ ಕಡೆ ತಲೆಯೆತ್ತಿ ನೋಡದವರು, ನಾಲ್ಕು ಮಕ್ಕಳ ತಂದೆತಾಯಿಯ ಮದುವೆಗೆ ಓಡಾಡಿದೆವು. ಪುರಸಭೆ ನಡೆಸಿದ ಸಾಮೂಹಿಕ ವಿವಾಹದಲ್ಲಿ ಅವರೂ ನಿಂತರು. ಹಿರಿಯ ಮಗಳು ಅಮ್ಮನ ಸೆರಗು ಹಿಡಿದಂತೆ ಬಾಡಿಗೆಯ ಉಡುಪಿನ ತುದಿ ಹಿಡಿದಿದ್ದಳು. ಅವರ ದೀಕ್ಷಾಸ್ನಾನ ನೋಡುವ ಮೊದಲೇ ನನಗೆ ಬೇರೆ ಊರಿಗೆ ಟ್ರಾನ್ಸ್‌ಫರ್ ಬಂತು.

ಎರಡು ವರ್ಷಗಳಲ್ಲಿ ನಾನು ನೀರಿಗಿಳಿದು ದೀಕ್ಷೆ ಕೊಟ್ಟದ್ದು ಒಂಬತ್ತು ಮಂದಿಗೆ. ಅವರಲ್ಲಿ ಐವರು ಈಗ ಸಭೆಗೆ ಬರುವುದಿಲ್ಲ. ಊರಿಗೆ ಮರಳಿದಾಗ ವಾರ್ಡಿನಲ್ಲಿ ಮೊದಲು ಕೇಳಿದ್ದು ಆ ಸಂಖ್ಯೆಯನ್ನು. ಎರಡನೆಯ ಸಂಖ್ಯೆಯನ್ನು ಯಾರೂ ಕೇಳಲಿಲ್ಲ. ಹುಟ್ಟಿನಿಂದ ಕಥೋಲಿಕರಾದ, ತಮ್ಮ ಸಾಂತೊ ನಿನ್ಯೊ ಬಾಲಯೇಸುವಿನ ಮೂರ್ತಿಗೆ ದಿನವೂ ಹೂವಿಡುವ ಅಜ್ಜಿಯರ ಮುಂದೆ ಕುಳಿತು, ನಿಮಗೆ ತಿಳಿದಿರುವುದು ಪೂರ್ಣವಲ್ಲವೆಂದು ಹೇಳಲು ಇಪ್ಪತ್ತರ ಹುಡುಗನಿಗೆ ಯಾವ ಅಧಿಕಾರವೆಂಬ ಪ್ರಶ್ನೆ ನನ್ನನ್ನು ಕಾಡದೆ ಇರಲಿಲ್ಲ. ನಂಬಿಕೆ ನನಗಿದೆ, ಈಗಲೂ ಇದೆ. ಆದರೆ ಆ ಅಜ್ಜಿಯರೊಡನೆ ಮಾತಾಡುವಾಗ ನನ್ನ ದನಿ ತಾನಾಗಿಯೇ ತಗ್ಗುತ್ತಿತ್ತು.

ಸೋಮವಾರ ನಮ್ಮ ‘ಪಿ-ಡೇ’, ಅಂದರೆ ಬಟ್ಟೆ ಒಗೆದು, ದಿನಸಿ ತಂದು, ಮನೆಗೆ ಇಮೇಲ್ ಬರೆಯುವ ದಿನ. ಪೆಸೊ ನಾಣ್ಯ ಹಾಕಿದರೆ ಕೆಲವು ನಿಮಿಷ ನಡೆಯುವ ‘ಪಿಸೊನೆಟ್’ ಅಂಗಡಿಯ ಕಂಪ್ಯೂಟರಿನಲ್ಲಿ ಕನ್ನಡ ಕೀಲಿಯಿರಲಿಲ್ಲ, ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆಯುತ್ತಿದ್ದೆ. ಮನೆಯವರ ದನಿ ಕೇಳಲು ವರ್ಷಕ್ಕೆ ಎರಡೇ ಅವಕಾಶ: ಕ್ರಿಸ್ಮಸ್ ಮತ್ತು ತಾಯಂದಿರ ದಿನ. 2018ರ ಏಪ್ರಿಲ್‌ನಲ್ಲಿ ನಡೆದ ಸಭೆಯ ಮಹಾಸಮ್ಮೇಳನದಲ್ಲಿ ಬೆಂಗಳೂರಿನಲ್ಲಿ ಟೆಂಪಲ್, ಅಂದರೆ ನಮ್ಮ ಅತಿ ಪವಿತ್ರ ವಿಧಿಗಳು ನಡೆಯುವ ಮಂದಿರ, ಕಟ್ಟಲಾಗುವುದೆಂದು ನೆಲ್ಸನ್ ಅವರು ಸಾರಿದ ಧ್ವನಿಮುದ್ರಣವನ್ನು ಸೆಬುವಿನ ಪ್ರಾರ್ಥನಾ ಮಂದಿರದಲ್ಲಿ ಕೂತು ಕೇಳಿದಾಗ, ಪಕ್ಕದಲ್ಲಿದ್ದ ಯಾರಿಗೂ ಆ ಊರಿನ ಹೆಸರು ಏನೂ ಅಲ್ಲ. ಎದ್ದು ಮನೆಗೆ ಫೋನು ಮಾಡುವಂತೆಯೂ ಇರಲಿಲ್ಲ. 2019ರ ಫೆಬ್ರವರಿಯಲ್ಲಿ ಪ್ರತಿ ವಾರವೂ ಮನೆಗೆ ಕರೆ ಮಾಡಬಹುದೆಂದು ನಿಯಮ ಸಡಿಲಿಸಿದರು. ಮೊದಲ ಕರೆಯಲ್ಲಿ ನನ್ನ ಬಾಯಿಂದ ಕನ್ನಡದ ನಡುವೆ ಸೆಬುವಾನೊ ಬಂತು. ಅಮ್ಮ ‘ಏನಂದೆ?’ ಎಂದಳು. ‘ನಿಕಾಓನ್ ನಾ ಕಾ’ ಎಂದಿದ್ದೆ, ಊಟವಾಯಿತೇ ಎಂದು.

2025ರ ಸೆಪ್ಟೆಂಬರ್ 30ರ ರಾತ್ರಿ ಬೋಗೊ ಬಳಿ 6.9 ತೀವ್ರತೆಯ ಭೂಕಂಪವಾಯಿತು. ಬೆಂಗಳೂರಿನಲ್ಲಿ ಸುದ್ದಿ ನೋಡಿದವನು ಆ ಕಬ್ಬಿನ ಕೂಲಿಯವರಿಗೆ ಮೆಸೆಂಜರಿನಲ್ಲಿ ಬರೆದೆ. ಎರಡು ದಿನ ಉತ್ತರವಿರಲಿಲ್ಲ. ಮೂರನೆಯ ದಿನ ಒಂದು ಚಿತ್ರ ಬಂತು: ಗೋಡೆ ಬಿರಿದ ಮನೆಯ ಮುಂದೆ ಟಾರ್ಪಾಲು, ಅದರ ಕೆಳಗೆ ಆರೂ ಜನ, ನಡುವೆ ಅನ್ನದ ಪಾತ್ರೆ. ಕೆಳಗೆ ಎರಡೇ ಮಾತು ಬರೆದಿದ್ದರು, ‘ಬುಂಬಾಯ್, ಕಾಓನ್ ತಾ’.