ಚಿಕೂನ್‌ಗುನ್ಯಾ ಆದಮೇಲೆ ಮತ್ತೆ ಕಸೂತಿ ಹಿಡಿದದ್ದು

ಚಿಕೂನ್‌ಗುನ್ಯಾ ಜ್ವರ ಸಾಮಾನ್ಯವಾಗಿ ಒಂದು ವಾರದಲ್ಲಿ ಬಿಡುತ್ತದೆ. ಕೀಲು ನೋವು ಮಾತ್ರ ಕೆಲವರನ್ನು ತಿಂಗಳುಗಟ್ಟಲೆ ಕಾಡುತ್ತದೆ. ನನಗೆ ಬೆರಳಿನ ಗೆಣ್ಣುಗಳಲ್ಲೇ ಜಾಸ್ತಿ ಇತ್ತು. ನೋವು ಇಳಿದ ಮೇಲೂ ಸೂಜಿ ಹಿಡಿಯುವ ಮನಸ್ಸೇ ಇಲ್ಲ. ಅರ್ಧಕ್ಕೆ ನಿಂತ ಇಳಕಲ್ ಸೀರೆ ಕಣ್ಣಿಗೆ ಬಿದ್ದರೆ ಸಾಕು, ಸುಸ್ತಾಗುತ್ತಿತ್ತು.

ಮೊದಲು ಆ ಸೀರೆ ಟ್ರಂಕಿಗೆ ಹೋಯಿತು. ಕಸೂತಿಯಲ್ಲಿ ಬಟ್ಟೆಯ ಎಳೆ ಎಣಿಸಿಯೇ ಹೊಲಿಯಬೇಕು. ಸೀರೆಯ ಸಣ್ಣ ಎಳೆ ಎಣಿಸುವುದು ದಣಿದ ತಲೆಗೆ ಆಗದ ಮಾತು. ಅದಕ್ಕೇ ಮ್ಯಾಟಿ ಬಟ್ಟೆಯ ತುಂಡು ತರಿಸಿದೆ. ಅದರ ಎಳೆ ದಪ್ಪ. ಸೂಜಿಯೂ ದಪ್ಪದ್ದೇ. ಗೋಪುರ, ತೇರಿನಂಥ ದೊಡ್ಡ ಚಿತ್ತಾರ ಸದ್ಯಕ್ಕೆ ಬೇಡ ಅಂತ ಪುಟ್ಟ ತುಳಸಿಕಟ್ಟೆ ಶುರು ಮಾಡಿದೆ. ಬೆಳಿಗ್ಗೆ ಬೆರಳು ಬಿಗಿದಿರುತ್ತವೆ ಅಲ್ವಾ? ಹಾಗಾಗಿ ಬಿಸಿನೀರಲ್ಲಿ ಕೈ ಅದ್ದಿ, ಹೊತ್ತೇರಿದ ಮೇಲೆ ಕೂರುತ್ತಿದ್ದೆ.

ನಿಜವಾಗಿ ಕೈಹಿಡಿದದ್ದು ಗವಂತಿ ಹೊಲಿಗೆ. ದಾರ ಹೋಗುವಾಗ ಒಂದು ಮನೆ, ಅಂದರೆ ಒಂದು ಹೊಲಿಗೆಯಷ್ಟು ಜಾಗ, ಬಿಟ್ಟು ಒಂದು ಮನೆ ಹೋಗುತ್ತದೆ. ವಾಪಸ್ ಬರುವಾಗ ಬಿಟ್ಟ ಜಾಗ ತುಂಬುತ್ತದೆ. ಗಂಟು ಇಲ್ಲ, ಎರಡೂ ಕಡೆ ಒಂದೇ ಥರ. ನಾನು ಹೋಗುವ ಸಾಲು ಮುಗಿಸಿ ಸುಮ್ನೆ ಎದ್ದುಬಿಡುತ್ತಿದ್ದೆ. ಮರುದಿನ ಏನು ಮಾಡಲಿ ಎಂಬ ಯೋಚನೆಯೇ ಬೇಡ, ಬರುವ ಸಾಲು ಹೇಗೂ ಬಾಕಿ ಇರುತ್ತದಲ್ಲ! ಮನಸ್ಸು ಬಂದಮೇಲೆ ಕೂರೋಣ ಅಂದುಕೊಂಡಿದ್ದರೆ ಇವತ್ತಿಗೂ ಕೂರುತ್ತಿರಲಿಲ್ಲ.

ನೋವು ತಿರುಗಿ ಬಂದ ದಿನ ಸೂಜಿ ಮುಟ್ಟುತ್ತಿರಲಿಲ್ಲ. ದಾರದ ಬಣ್ಣ ಜೋಡಿಸಿಡುತ್ತಿದ್ದೆ, ಅಷ್ಟೇ. ಊತ ಇಳಿಯದಿದ್ದರೆ ಮಾತ್ರ ಡಾಕ್ಟರಿಗೆ ತೋರಿಸಿ.

ಈಗ ಆನೆ ಹಾಕುತ್ತಿದ್ದೇನೆ. ಸೊಂಡಿಲು ಸ್ವಲ್ಪ ಮೊಂಡಾಗಿದೆ, ಇರಲಿ.