ಅಘನಾಶಿನಿಗೆ ಹೊರಡುವ ಮುನ್ನ ನೀರಿನ ವೇಳೆ ನೋಡಿ

ಹೆಸರಘಟ್ಟಕ್ಕೋ ಹೊಸಕೋಟೆ ಕೆರೆಗೋ ಬೆಳಗ್ಗೆ ಆರೂವರೆಗೆ ಹೋದರೆ ಹಕ್ಕಿಗಳು ಸಿಕ್ಕೇ ಸಿಗುತ್ತವೆ. ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿ ಕುಮಟಾದಲ್ಲಿ ಇಳಿಯುವವರಿಗೆ ಆ ಲೆಕ್ಕ ಕೈಕೊಡುತ್ತದೆ. ಮಹತ್ವದ ಜೌಗುನೆಲಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸಾರ್ ಪಟ್ಟಿಯನ್ನು 2024ರಲ್ಲಿ ಸೇರಿದ, ಕುಮಟಾ ಬಳಿಯ ಅಘನಾಶಿನಿ ಅಳಿವೆಯಲ್ಲಿ (ನದಿ ಕಡಲು ಸೇರುವ ಜಾಗ) ಹಕ್ಕಿಗಳ ದಿನಚರಿ ಉಬ್ಬರ-ಇಳಿತದ ಕೈಯಲ್ಲಿದೆ.

ಇಳಿತದಲ್ಲಿ ಕೆಸರುಬಯಲು ತೆರೆದುಕೊಂಡು ಹಕ್ಕಿಗಳು ಹುಳ, ಏಡಿ ಹುಡುಕುತ್ತ ದೂರ ಚದುರುತ್ತವೆ. ನೀರು ಏರಿದಂತೆ ದಡದತ್ತ ಸರಿಯುತ್ತವೆ. ಆದ್ದರಿಂದ ತುಂಬು ಉಬ್ಬರಕ್ಕೆ ಎರಡೂವರೆ ಗಂಟೆ ಮೊದಲೇ ಹೋಗಿ ಕೂರಿ. ನೀರೇ ಅವನ್ನು ಹತ್ತಿರ ತರುತ್ತದೆ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಟಿಕೆಟ್ ಮಾಡಿಸುವ ಮೊದಲೇ ಕಾರವಾರದ ಉಬ್ಬರದ ಪಟ್ಟಿ ತೆರೆದು, ಬೆಳಗ್ಗೆ 8ರಿಂದ 10ರೊಳಗೆ ನೀರು ತುಂಬುವ ದಿನ ಆರಿಸಿ. ಅಳಿವೆಯ ಒಳಗೆ ಹೋದಷ್ಟೂ ನೀರು ಪಟ್ಟಿಯ ವೇಳೆಗಿಂತ ತಡವಾಗಿ ಏರುತ್ತದೆ. ಬಿಸಿಲೇರಿದರೆ ಕೆಸರಿನ ಮೇಲಿನ ಗಾಳಿ ನಡುಗಿ ಕೊಕ್ಕಿನ ಆಕಾರವೇ ಗೊತ್ತಾಗದು. ಸ್ಪಾಟಿಂಗ್ ಸ್ಕೋಪಿನ (ಟ್ರೈಪಾಡಿನ ಮೇಲಿಡುವ ದೂರದರ್ಶಕ) ಜೂಮನ್ನು 60 ಪಟ್ಟಿನಿಂದ 25 ಪಟ್ಟಿಗೆ ಇಳಿಸಿದರೆ ಚಿತ್ರ ತುಸು ನಿಲ್ಲುತ್ತದೆ. ಬೆಳಗ್ಗೆ ಪೂರ್ವದ ದಡವೇ ಲೇಸು, ಬಿಸಿಲು ಬೆನ್ನಿಗಿರುತ್ತದೆ.

ಕಾಲ ಅಕ್ಟೋಬರ್‌ನಿಂದ ಮಾರ್ಚ್. 8x42 ಬೈನಾಕ್ಯುಲರ್ ಸಾಕು, ಸ್ಕೋಪ್ ಇದ್ದರೆ ಒಳ್ಳೆಯದು.

ಗುರುತಿಸುವಾಗ ಬಣ್ಣ ನಂಬಬೇಡಿ. ಚಳಿಗಾಲದಲ್ಲಿ ಎಲ್ಲವೂ ಬೂದು. ಮೊದಲು ಮೇಯುವ ರೀತಿ ನೋಡಿ. ಗಿಡ್ಡ ಕೊಕ್ಕಿನ ದಡದ ಹಕ್ಕಿಗಳಾದ ಪ್ಲವರ್‌ಗಳು ಓಡಿ, ನಿಂತು, ಕುಕ್ಕುತ್ತವೆ. ಪುಟ್ಟ ಹಕ್ಕಿ ಲಿಟಲ್ ಸ್ಟಿಂಟ್ ಹೊಲಿಗೆ ಮಷೀನಿನಂತೆ ಬಿಡುವಿಲ್ಲದೆ ಕುಕ್ಕುತ್ತದೆ. ಕತ್ತಿನ ಹಿಂದೆ ಬಿಳಿ ಪಟ್ಟಿಯಿದ್ದರೆ ಕೆಂಟಿಷ್ ಪ್ಲವರ್, ಇಲ್ಲದಿದ್ದರೆ ಸ್ಯಾಂಡ್ ಪ್ಲವರ್ ಇರಬಹುದು. ಗ್ರೇಟರ್ ಸ್ಯಾಂಡ್ ಪ್ಲವರಿನ ಕೊಕ್ಕು, ಕೊಕ್ಕಿನ ಬುಡದಿಂದ ಕಣ್ಣಿನ ಹಿಂಬದಿಯವರೆಗಿನ ದೂರಕ್ಕಿಂತ ಉದ್ದ. ಅನುಮಾನವಿದ್ದರೆ ‘ಸ್ಯಾಂಡ್ ಪ್ಲವರ್’ ಎಂದಷ್ಟೇ ಬರೆದುಕೊಳ್ಳಿ; ಊಹೆಯ ಹೆಸರಿಗಿಂತ ಅದು ಎಷ್ಟೋ ಮೇಲು. ಕೊಕ್ಕು ಮೇಲಕ್ಕೆ ಬಾಗಿ, ಗಿಡ್ಡ ಹಳದಿ ಕಾಲಿದ್ದರೆ ಟೆರೆಕ್ ಸ್ಯಾಂಡ್‌ಪೈಪರ್. ಹಾರುವಾಗ ರೆಕ್ಕೆಯ ಹಿಂಬದಿ ಅಂಚು ಬೆಳ್ಳಗೆ ಹೊಳೆದರೆ ರೆಡ್‌ಶ್ಯಾಂಕ್. ಉದ್ದ ಕೊಕ್ಕು ಕೆಳಕ್ಕೆ ಬಾಗಿದ ಎರಡರಲ್ಲಿ, ವಿಂಬ್ರೆಲ್‌ಗೆ ತಲೆಯ ಮೇಲೆ ಗೆರೆಗಳಿವೆ, ಕರ್ಲ್ಯೂಗೆ ಇಲ್ಲ.

ಕೆಸರಿಗೆ ಇಳಿಯಬೇಡಿ. ಮೊಣಕಾಲವರೆಗೆ ಹೂತು ಚಪ್ಪಲಿ ಅಲ್ಲೇ ಉಳಿಯುತ್ತದೆ, ಚಿಪ್ಪುಗಳು ಪಾದ ಕೊಯ್ಯುತ್ತವೆ. ಮೇಲಾಗಿ ಅದು ಬಳಚು (ತಿನ್ನುವ ಚಿಪ್ಪುಜೀವಿ) ಆಯುವವರ ಜೀವನದ ಜಾಗ. ಗಜನಿಯ (ಉಪ್ಪುನೀರು ನುಗ್ಗುವ ಗದ್ದೆಬಯಲು) ಬದುಗಳ ಮೇಲೆ ಹೋಗುವ ಮುನ್ನ ಗದ್ದೆಯವರನ್ನು ಕೇಳಿ. ಉಬ್ಬರದಲ್ಲಿ ಮರಳದಿಬ್ಬದ ಮೇಲೆ ಗುಂಪಾಗಿ ಕೂತ ಹಕ್ಕಿಗಳು ತಲೆಯೆತ್ತಿ ನಿಂತರೆ ನೀವು ಅತಿ ಹತ್ತಿರ ಬಂದಿದ್ದೀರಿ, ಹಿಂದೆ ಸರಿಯಿರಿ. ಎಬ್ಬಿಸಿದರೆ ವಲಸೆಗೆ ಕೂಡಿಟ್ಟ ಕೊಬ್ಬು ಕರಗುತ್ತದೆ.

ರೂಮಿಗೆ ಬಂದೊಡನೆ ಬೈನಾಕ್ಯುಲರನ್ನೂ ಟ್ರೈಪಾಡಿನ ಕಾಲುಗಳನ್ನೂ ಸಿಹಿನೀರಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ. ಲೆನ್ಸಿಗೆ ಮೊದಲು ಬ್ರಷ್, ಆಮೇಲೆ ಬಟ್ಟೆ. ಉಪ್ಪಿನ ಹರಳು ಇದ್ದಾಗಲೇ ಉಜ್ಜಿದರೆ ಗೀರು ಬೀಳುತ್ತದೆ.